ಅಜ್ಜಿಯ ದಾರಕ್ಕೆ ಧನ್ಯವಾದ

ಕಿಲ್‌ಬ್ರಾಕ್, ಕೊನೆಮಾರಾ
ಭಾನುವಾರ, ೧೮ ನವೆಂಬರ್ ೧೯೭೩

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಡಬ್ಲಿನ್ನಿನ ಆ ಬಾಡಿಗೆ ಕೋಣೆಯ ಗೋಡೆ ಬೆವರುತ್ತದೆ ಎಂದು ಬರೆದಿದ್ದೆ. ಮಂಚವನ್ನು ಗೋಡೆಯಿಂದ ಈಚೆಗೆ ಎಳೆದುಕೊ. ಅಮ್ಮ ಹೆಣೆದ ಉಣ್ಣೆಯ ಕಾಲುಚೀಲ ಕೈಸೇರಿರಬೇಕು, ಅದನ್ನು ಹಾಕಿಕೊ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ಇದನ್ನೆಲ್ಲ ಉಪಚಾರಕ್ಕೆ ಕೇಳುತ್ತಿಲ್ಲ, ನಿನ್ನ ಕೆಮ್ಮಿನ ಚಿಂತೆ ನನಗೆ ನಿಜವಾಗಿಯೂ ಇದೆ. ಆದರೆ ಇದರಾಚೆಗೆ ಈ ಕಾಗದದಲ್ಲಿ ಹಿತವಾದ ಮಾತು ಹುಡುಕಬೇಡ. ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಸ್ವಲ್ಪ ಆರಲಿ, ಆಮೇಲೆ ಬರೆಯೋಣ ಎಂದು ಕಾದೆ, ಆರಲಿಲ್ಲ. ಕಡಲಪಾಚಿ ಕೊಯ್ಯುವಾಗಲೂ ಇದೆ, ಸೈಕಲ್ ತುಳಿಯುವಾಗಲೂ ಇದೆ, ಪ್ರಾರ್ಥನೆಗೆ ಮಂಡಿಯೂರಿದಾಗ ಇನ್ನೂ ಜಾಸ್ತಿ ಆಗುತ್ತದೆ. ಅದಕ್ಕೇ ಇವತ್ತು ಚರ್ಚಿನಿಂದ ಬಂದವಳೇ ಕೋಟು ಕೂಡ ಬಿಚ್ಚದೆ ಬರೆಯಲು ಕೂತಿದ್ದೇನೆ.

ನೀನು ಕಳಿಸಿದ ಅಚ್ಚಾದ ಲೇಖನ ಬಂತು. ಅಮ್ಮನಿಗೆ ಎಷ್ಟು ಸಂತೋಷ ಎಂದರೆ ಅದನ್ನು ಗಡಿಯಾರಕ್ಕೂ ಯೇಸುವಿನ ಪಟಕ್ಕೂ ನಡುವೆ ನಿಲ್ಲಿಸಿ, ಬಂದವರಿಗೆಲ್ಲ ಕೈ ಒರೆಸಿಕೊಂಡು ಮುಟ್ಟಿ ಎಂದಳು. ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ನೀನು. ಅಮ್ಮನ ಹೆಮ್ಮೆಯನ್ನು ನಾನು ಹಂಗಿಸುವುದಿಲ್ಲ. ಅಜ್ಜಿ ಮಾತ್ರ ಅದನ್ನು ದೂರದಿಂದಲೇ ನೋಡುತ್ತಿದ್ದಳು. ಆಮೇಲೆ ಒಂದು ಮಧ್ಯಾಹ್ನ, ಆಲೂಗಡ್ಡೆ ಬೇಯುತ್ತಿರುವಾಗ, "ನಾಬ್ಲಾ, ಅದರಲ್ಲಿ ನನ್ನ ಬಗ್ಗೆ ಏನಾದ್ರೂ ಬರೆದಿದಾನೇನೇ ಹುಡುಗ? ಓದು ನೋಡೋಣ" ಎಂದಳು. ಇಂಗ್ಲಿಷನ್ನು ನಮ್ಮ ಐರಿಷ್ ಮಾತಿಗೆ ತಿರುಗಿಸಿ ತಿರುಗಿಸಿ ಓದಿದೆ. ನನಗೆ ಬೇರೆ ಥರ ಓದಲು ಬರುವುದಿಲ್ಲ, ಇದ್ದದ್ದನ್ನೇ ಓದಿದೆ. ಮೊದಲ ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ: ಉಳುಕು ತೆಗೆಯುವ ಈ ಮಂತ್ರವನ್ನು ನನಗೆ ಹೇಳಿಕೊಟ್ಟ, ಓದುಬರಹ ಬಾರದ ನನ್ನ ಅಜ್ಜಿಗೆ ಹೃತ್ಪೂರ್ವಕ ಧನ್ಯವಾದಗಳು.

ಅಜ್ಜಿ ಕೇಳಿದ ಪ್ರಶ್ನೆ ಒಂದೇ. "ಧನ್ಯವಾದ ಹೇಳಿದಾನಾ?" ನಾನು ಹೌದು ಎಂದೆ. "ಅಚ್ಚಲ್ಲಿ?" ಹೌದು ಎಂದೆ. ಅವಳು ಎದ್ದು ಕಿಟಕಿಯ ಕಟ್ಟೆಯ ಮೇಲಿದ್ದ ಉಣ್ಣೆದಾರದ ಉಂಡೆಯನ್ನು ತೆಗೆದು ಒಲೆಗೆ ಹಾಕಿದಳು. ಉಣ್ಣೆ ಸುಟ್ಟರೆ ಎಂಥ ನಾತ ಬರುತ್ತದೆ ಎಂದು ನಿನಗೆ ಗೊತ್ತು. ಅಮ್ಮ ಓಡಿಬಂದು ಬಾಗಿಲು ತೆರೆದಳು. ಆಲೂಗಡ್ಡೆಯ ನೀರು ಇಂಗಿ ತಳ ಹಿಡಿಯಿತು.

ನೀನು ಮರೆತಂತಿದೆ, ಅದಕ್ಕೆ ಬರೆಯುತ್ತೇನೆ. ಕಾಲು ಉಳುಕಿದವನು ನಮ್ಮ ಬಾಗಿಲಿಗೆ ಬರುತ್ತಾನೆ. ದಯವಿಟ್ಟು ಎನ್ನುವುದಿಲ್ಲ. ಅಜ್ಜಿ ಯಾರಿಗೂ ಕೇಳದಂತೆ ಮಂತ್ರ ಹೇಳುತ್ತಾ ದಾರಕ್ಕೆ ಗಂಟು ಹಾಕುತ್ತಾಳೆ, ಕಾಲಿಗೆ ಕಟ್ಟುತ್ತಾಳೆ. ಅವನು ಏನೂ ಕೊಡದೆ, ಧನ್ಯವಾದ ಎನ್ನದೆ, ತಿರುಗಿ ನೋಡದೆ ಹೋಗುತ್ತಾನೆ. ಧನ್ಯವಾದ ಹೇಳಿದರೆ ಲೆಕ್ಕ ಮುಗಿದುಹೋಗುತ್ತದೆ, ಕೊಟ್ಟವಳನ್ನು ಮಂತ್ರ ಬಿಟ್ಟುಹೋಗುತ್ತದೆ. ಚಿಕ್ಕವರಿದ್ದಾಗ ಪೇಟೆಯ ಅಂಗಡಿಯವನ ಹೆಂಡತಿ ಬಾಯಿತಪ್ಪಿ ಹೇಳಲು ಹೊರಟಾಗ ಅವಳ ಬಾಯಿಯ ಮೇಲೆ ಕೈ ಇಟ್ಟವನು ನೀನೇ! ನೀನು ಹೇಳಿದ್ದು ಒಳ್ಳೆಯ ಮನಸ್ಸಿನಿಂದ ಎಂದು ಗೊತ್ತು. ನಿಮ್ಮ ಕಾಲೇಜಿನವರಲ್ಲಿ ಹಾಗೆ ಹೇಳದಿದ್ದರೆ ಕಳ್ಳತನ ಎನ್ನುತ್ತಾರಂತೆ. ಇರಬಹುದು. ಆದರೆ ನೀನು ಅದನ್ನು ಪಡೆದದ್ದು ನಿಮ್ಮಲ್ಲಿ ಅಲ್ಲ, ಇಲ್ಲಿ, ಈ ಒಲೆಯ ಮುಂದೆ. ಹೆಂಗಸಿನಿಂದ ಗಂಡಿಗೆ, ಗಂಡಿನಿಂದ ಹೆಣ್ಣಿಗೆ ಹೋಗಬೇಕಾದ ಮಂತ್ರ ಅದು. ಮೊಮ್ಮಗ ಎಂದು ಕೊಟ್ಟಳು, ಮುಂದೆ ನೀನು ನನಗೆ ಕೊಡುತ್ತೀಯ ಎಂದು ಕೊಟ್ಟಳು. ಕೊಟ್ಟೆ, ಅಲ್ಲವೇ? ಅಚ್ಚು ಹಾಕಿಸಿ ನನಗೂ ಕೊಟ್ಟೆ, ಡಬ್ಲಿನ್ನಿಗೂ ಕೊಟ್ಟೆ, ಜರ್ಮನಿಯ ಪಂಡಿತರಿಗೂ ಅಂಚೆಯಲ್ಲಿ ಕಳಿಸಿಕೊಟ್ಟೆ.

ಈಗ ಊರಿನ ಕಥೆ ಕೇಳು. ಮಾಸ್ತರರು ನಿನ್ನ ಲೇಖನವನ್ನು ಶಾಲೆಯಲ್ಲಿ ಓದಿಸಿ, ಮಂತ್ರವನ್ನು ಮಕ್ಕಳ ಪುಸ್ತಕದಲ್ಲಿ ಬರೆಸಿದರು. ಹುಡುಗಿಯರು ಅದನ್ನು ಹಾಡಿಕೊಂಡು ಹಗ್ಗ ಜಿಗಿಯುತ್ತಾರೆ. ದೋಣಿಯ ಫೆಸ್ಟಿ ಚೆಂಡಾಟದಲ್ಲಿ ಕಾಲು ಉಳುಕಿಸಿಕೊಂಡವನು ನಮ್ಮ ಮನೆಗೆ ಬರಲಿಲ್ಲ. ಮಗಳ ಪುಸ್ತಕದಿಂದ ಮಂತ್ರ ಓದಿಸಿಕೊಂಡು, ಬಲೆ ಹೊಲಿಯುವ ನೈಲಾನ್ ದಾರವನ್ನು ತಾನೇ ಬಿಗಿದುಕೊಂಡ. ಕಾಲು ಹಿಟ್ಟಿನ ಚೀಲದಂತೆ ಊದಿಕೊಂಡಿತು. ಆಮೇಲೆ ಕುಂಟುತ್ತಾ ಬಂದು ಅಜ್ಜಿಯ ಮುಂದೆ ನಿಂತು, "ಏನಜ್ಜಿ, ನಿನ್ನ ಮೊಮ್ಮಗ ಅರ್ಧಂಬರ್ಧ ಮಾಲು ಮಾರಿದಾನಲ್ಲ!" ಎಂದ. ತಮಾಷೆಗೆ ಎಂದ, ಅವನು ಕೆಟ್ಟವನಲ್ಲ. ಅಜ್ಜಿ, "ನನ್ನ ಹತ್ರ ಈಗ ಏನೂ ಇಲ್ಲ ಕಣಪ್ಪ, ಡಾಕ್ಟರ ಹತ್ರ ಹೋಗು" ಎಂದು ಬಾಗಿಲು ಹಾಕಿಕೊಂಡಳು. ನಾನು ಹುಟ್ಟಿದಾಗಿನಿಂದ ಹಗಲು ಹೊತ್ತಿನಲ್ಲಿ ಆ ಬಾಗಿಲು ಹಾಕಿದ್ದನ್ನು ನೋಡಿರಲಿಲ್ಲ. ಈಗ ಯಾರೂ ಬರುವುದಿಲ್ಲ. ಅಜ್ಜಿ ಒಲೆಯ ಪಕ್ಕ ಕೂತು ಬರಿಯ ಬೆರಳಲ್ಲಿ ಗಂಟು ಹಾಕುತ್ತಾಳೆ. ದಾರವೇ ಇಲ್ಲ, ಬೆರಳು ಮಾತ್ರ ಆಡುತ್ತದೆ. ಅದನ್ನು ನೋಡಲಾರದೆ ನಾನು ಸೈಕಲ್ ಹತ್ತಿ ಎಲ್ಲಿಗೋ ಹೋಗಿಬಿಡುತ್ತೇನೆ.

ನೀನು ಕೇಳಬಹುದು, ಇದನ್ನೆಲ್ಲ ನೀನು ನಂಬುತ್ತೀಯಾ ನಾಬ್ಲಾ ಎಂದು. ಇಲ್ಲ, ನನಗೆ ಗೊತ್ತಿಲ್ಲ. ದಾರದಿಂದ ಉಳುಕು ಹೋಗುತ್ತದೋ, ಎರಡು ದಿನ ಸುಮ್ಮನೆ ಕೂತದ್ದಕ್ಕೆ ಹೋಗುತ್ತದೋ ಯಾರಿಗೆ ಗೊತ್ತು. ಅಜ್ಜಿಯ ಕೈ ಮುಟ್ಟಿದರೆ ಜನ ಅಳು ನಿಲ್ಲಿಸುತ್ತಿದ್ದರು, ಅಷ್ಟು ಮಾತ್ರ ನಾನು ಕಂಡದ್ದು. ಅದನ್ನು ನೀನು ಕಿತ್ತುಕೊಂಡೆ ಎಂದು ಸಿಟ್ಟು.

ಇನ್ನೂ ಒಂದು ಸಿಟ್ಟಿದೆ, ಅದು ಇದಕ್ಕಿಂತ ದೊಡ್ಡದು. ನಿನ್ನ ಲೇಖನವನ್ನು ನಾನು ಪೂರ್ತಿ ಓದಿದ್ದೇನೆ. ಸಾವಿರ ವರ್ಷದ ಹಿಂದೆ ಯಾವನೋ ಸನ್ಯಾಸಿ ಕರುವಿನ ಚರ್ಮದ ಹಾಳೆಯ ಅಂಚಿನಲ್ಲಿ ಇದೇ ಮಂತ್ರ ಬರೆದಿಟ್ಟಿದ್ದಾನೆ, ಆಮೇಲೆ ಬೈಂಡು ಹಾಕಿದವನು ಅಂಚು ಕತ್ತರಿಸುವಾಗ ಕೊನೆಯ ಸಾಲುಗಳು ಹೋದವು, ಇದು ನನಗೆ ಅರ್ಥವಾಯಿತು. ಆ ಅಕ್ಷರಗಳ ಫೋಟೊ ನೋಡಿ ನನಗೂ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಅಜ್ಜಿಯ ಬಾಯಲ್ಲಿರುವುದು ಆ ಚರ್ಮದ ಮೇಲೂ ಇದೆ ಎಂದರೆ ಸಣ್ಣ ಮಾತಲ್ಲ. ಆದರೆ ನೀನು ಬರೆದೆ: ಹಸ್ತಪ್ರತಿಯಲ್ಲಿ ಕೊನೆಯನ್ನು ಚಾಕು ತಿಂದಿತು, ಜನರ ನಾಲಿಗೆಯಲ್ಲಿ ಮರೆವು ತಿಂದಿತು. ಎಂಥ ಚೆಂದದ ವಾಕ್ಯ! ನಿನ್ನ ಪ್ರೊಫೆಸರ್ ಹ್ಯಾಕೆಟ್ ತಲೆದೂಗಿರಬೇಕು. ಆ ಒಂದು ವಾಕ್ಯದ ಮೇಲೆ ಇಡೀ ಪುಸ್ತಕ ಕಟ್ಟುತ್ತಿದ್ದೀಯಂತೆ, ವಸಂತಕ್ಕೆ ಅಚ್ಚಾಗುತ್ತದಂತೆ, ಅದರಿಂದ ನಿನಗೆ ಕೆಲಸ ಕಾಯಂ ಆಗುತ್ತದಂತೆ. ಅಣ್ಣಾ, ಈ ಊರಿನ ಪ್ರತಿ ಹಸುವಿನ ತಾಯಿಯ ತಾಯಿಯ ಬಣ್ಣ ಹೇಳುವ ನಮ್ಮ ಅಜ್ಜಿಗೆ ಮರೆವು? ಕೊನೆ ಯಾಕೆ ಇಲ್ಲ ಎಂದು ನೀನು ಅವಳನ್ನೇ ಒಮ್ಮೆ ಕೇಳಿದೆಯಾ?

ಕಾನ್ವೆಂಟಿನಲ್ಲಿ ಆ ಸಿಸ್ಟರ್ ನನ್ನ ಕೈಯಲ್ಲಿ ಕ್ಷಮಾಪಣೆ ಬರೆಸಲು ನೋಡಿದ್ದು ನೆನಪಿದೆಯಲ್ಲ. ನನಗೆ ಪಶ್ಚಾತ್ತಾಪ ಆಗಿರಲಿಲ್ಲ, ಬರೆಯಲಿಲ್ಲ, ಚೀಲ ಎತ್ತಿಕೊಂಡು ಮನೆಗೆ ಬಂದೆ. ನೀನು ಆಗ, "ಒಂದು ಸಾಲು ಗೀಚಿ ಬಿಸಾಕೋಕೆ ಏನಾಗಿತ್ತೇ ನಿನಗೆ, ಪೆದ್ದೀ" ಎಂದು ಬೈದೆ. ಸುಳ್ಳು ಸಾಲು ಬರೆಯಲಾಗದೆ ನಾನು ಶಾಲೆ ಬಿಟ್ಟೆ. ನೀನು ಬರೆದ ಸಾಲು ಸುಳ್ಳೆಂದು ಗೊತ್ತಾದರೆ ನೀನು ಏನು ಬಿಡುತ್ತೀಯ? ನೋಡಬೇಕು ಎಂದಿದೆ ನನಗೆ. ಆ ಪುಸ್ತಕದಲ್ಲಿ ಧನ್ಯವಾದದ ಸಾಲನ್ನು ಮೊದಲು ತೆಗೆಸು. ಇದು ಕೋರಿಕೆಯಲ್ಲ, ದಯವಿಟ್ಟು ಎನ್ನುವುದಿಲ್ಲ.

ಅಮ್ಮ ನಿನ್ನ ಹೆಸರಲ್ಲಿ ಮೇಣದಬತ್ತಿ ಹಚ್ಚುತ್ತಾಳೆ. ಬಿಳಿ ಹಸು ಕರು ಹಾಕಿದೆ, ಹೆಣ್ಣು. ಫೆಸ್ಟಿಯ ಕಾಲು ಇಳಿಯುತ್ತಿದೆ, ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದ. ಮಾತೆ ಮೇರಿ ನಿನ್ನ ಎದೆಯನ್ನು ಕಾಪಾಡಲಿ. ನಾನು ಇನ್ನೂ ಸಿಟ್ಟಿನಲ್ಲೇ ಇದ್ದೇನೆ.

ನಿನ್ನ ತಂಗಿ,
ನಾಬ್ಲಾ

ಮತ್ತೆ, ಸೋಮವಾರ ಬೆಳಿಗ್ಗೆ: ಅಂಚೆಯವನು ಗೇಟಿನಲ್ಲಿ ನಿಂತು ಗೊಣಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಡಾಕ್ಟರು ಅಜ್ಜಿಯ ಹೃದಯ ಕ್ರಿಸ್‌ಮಸ್ ದಾಟುವುದು ಕಷ್ಟ ಎಂದಿದ್ದಾರೆ. ಮೊನ್ನೆ ಅವಳೇ ನನ್ನನ್ನು ಕರೆದು ಹೇಳಿದಳು: "ಕೈಯಲ್ಲಿ ಪೆನ್ಸಿಲ್ ಹಿಡ್ಕೊಂಡು ಕೂತವನಿಗೆ ಎಷ್ಟು ಕೊಡಬೇಕೋ ಅಷ್ಟು ಕೊಟ್ಟೆ ಕಣೇ. ಕೊನೆಯದು ನನ್ನ ಹತ್ರಾನೇ ಇದೆ. ಅದಕ್ಕೆ ಇನ್ನೂ ಯಾರೂ ಧನ್ಯವಾದ ಹೇಳಿಲ್ಲ. ಕೊನೆ ಉಳಿದ್ರೆ ಮೊದಲಿನದು ತಾನೇ ತಿರುಗಿ ಬರುತ್ತೆ." ನನಗೆ ಕೊಡು ಎಂದು ಕಾಲು ಹಿಡಿದೆ. ಹೆಣ್ಣು ಹೆಣ್ಣಿಗೆ ಕೊಡುವ ಹಾಗಿಲ್ಲ ಎಂದಳು. ಅವಳ ಮೇಲೂ ನನಗೆ ಸಿಟ್ಟು. ಅಪ್ಪ ಹೋದ ಮೇಲೆ ಈ ಮನೆಯ ರಕ್ತದ ಗಂಡಸು ನೀನೊಬ್ಬನೇ. ಅವಳಿಂದ ನಿನಗೆ, ನಿನ್ನಿಂದ ನನಗೆ. ಅದನ್ನು ಕೇಳಿಸಿಕೊಂಡ ಮೇಲೆ ನಿನ್ನ ಪುಸ್ತಕ ಸುಳ್ಳಾಗುತ್ತದೆ. ಏನು ಸುಳ್ಳು ಎಂದು ಹೇಳುವ ಹಾಗೂ ಇಲ್ಲ. ಇಷ್ಟು ಗೊತ್ತಿದ್ದೇ ಬರುವುದಾದರೆ ಬಾ. ಬಸ್ಸಿನ ಸದ್ದಾದಾಗಲೆಲ್ಲ ಅಜ್ಜಿ ತಲೆ ಎತ್ತುತ್ತಾಳೆ. ಪೆನ್ಸಿಲ್, ಕಾಗದ, ಆ ರೆಕಾರ್ಡು ಮಾಡುವ ಪೆಟ್ಟಿಗೆ, ಏನೂ ತರಬೇಡ. ಬರಿಗೈಯಲ್ಲಿ ಬಾ. ಅವಳು ಹೇಳಿ ಮುಗಿಸಿದ ಮೇಲೆ ಎದ್ದು ಹೊರಗೆ ಬಾ, ತಿರುಗಿ ನೋಡಬೇಡ. ಬಾಯಿ ಎಷ್ಟು ತುಡಿದರೂ ಧನ್ಯವಾದ ಮಾತ್ರ ಹೇಳಬೇಡ.