ಕ್ರೀಮಮ್ಮನ ಡಬ್ಬಿಗಳು

ಮನೆಯ ಹಿಂದಿನ ಕೋಣೆ,
ಮೇ ೬, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಔಷಧಿ ಅಂಗಡಿಯಲ್ಲಿ ಈಗಲೂ ದಿನವಿಡೀ ನಿಂತೇ ಇರುತ್ತೀಯೋ, ಇಲ್ಲ ಕೂರಲು ಒಂದು ಸ್ಟೂಲಾದರೂ ಕೊಟ್ಟರೋ? ಭಾವನ ಬಿ.ಪಿ. ಹತೋಟಿಯಲ್ಲಿದೆಯೇ? ಊರಿಗೆಲ್ಲ ಮಾತ್ರೆ ಕೊಡುವ ನೀನು ನಿನ್ನ ಮಾತ್ರೆ ಮಾತ್ರ ಮರೆಯುತ್ತೀಯ ಎಂದು ಅವರು ಹೇಳುತ್ತಿದ್ದದ್ದು ನೆನಪಿದೆ. ಒಂದು ವರ್ಷ ನಾಲ್ಕು ತಿಂಗಳು ಒಂದು ಸಾಲನ್ನೂ ಬರೆಯದವಳು ಇವತ್ತು ಏಕಾಏಕಿ ಮಂಡಿ ವಿಚಾರಿಸಿದರೆ ನಿನಗೆ ನಗು ಬರಬಹುದು. ನಗು, ಪರವಾಗಿಲ್ಲ. ಓದುವುದನ್ನು ಮಾತ್ರ ನಿಲ್ಲಿಸಬೇಡ. ನಾವೆಲ್ಲ ಆರೋಗ್ಯವಾಗಿದ್ದೇವೆ. ಇವರು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿಕೊಂಡು ಅಂಗಿಗೆಲ್ಲ ಬಣ್ಣ ಮೆತ್ತಿಕೊಂಡು ಬರುವುದು ಹಾಗೇ ನಡೆದಿದೆ. ಕೇಳಿದರೆ ಬಣ್ಣವೇ ಬಂದು ಮೆತ್ತಿಕೊಂಡಿತು ಎನ್ನುತ್ತಾರೆ.

ನೀನು ಕೊನೆಯ ಸಲ ಬಂದಾಗ ಈ ಕೋಣೆ ನೋಡಿದ್ದೆಯಲ್ಲ. ಅದೇ ಸ್ಟವ್, ಅದೇ ಸ್ಟೀಲ್ ಪಾತ್ರೆಗಳು, ಗೋಡೆಗೊತ್ತಿ ಜೋಡಿಸಿದ ತಗಡಿನ ಡಬ್ಬಿಗಳು. ಎಳ್ಳೆಣ್ಣೆಯಲ್ಲಿ ಜೇನುಮೇಣ ಕರಗಿಸಿ ಕ್ರೀಮು ಮಾಡುವುದನ್ನು ನಾನು ಚಟದಂತೆ ಹಚ್ಚಿಕೊಂಡಿದ್ದೆ. ಖಾಲಿಯಾದ ಡಬ್ಬಿಯನ್ನು ತಂದುಕೊಟ್ಟರೆ ತೊಳೆದು ಮತ್ತೆ ತುಂಬಿಸಿಕೊಡುವುದು, ಒಂದು ಚೂರು ಪ್ಲಾಸ್ಟಿಕ್ಕೂ ಕಸಕ್ಕೆ ಹೋಗಬಾರದು, ಇದು ನನ್ನ ಹಟ. ಆ ಹಟ ಈಗಲೂ ಇದೆ, ಅದರಲ್ಲಿ ತಪ್ಪೂ ಇಲ್ಲ. ತಪ್ಪಿದ್ದದ್ದು ಡಬ್ಬಿಯ ಮೇಲಿನ ಬರಹದಲ್ಲಿ. ‘ಅಪ್ಪಟ ನೈಸರ್ಗಿಕ. ರಾಸಾಯನಿಕವಿಲ್ಲ, ಭಯವಿಲ್ಲ.’ ಎರಡು ದಿನ ಯೋಚಿಸಿ ನಾನೇ ಕಟ್ಟಿದ ಸಾಲು. ಇವರು ಪಕ್ಕದಲ್ಲೊಂದು ಎಲೆಯ ಚಿತ್ರ ಬಿಡಿಸಿಕೊಟ್ಟರು. ಎಲೆ ನೋಡಿದವರು ಮತ್ತೇನನ್ನೂ ಕೇಳುತ್ತಿರಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಕೇಳಿದವಳು ನೀನೊಬ್ಬಳೇ. ಡಬ್ಬಿ ಮೂಸಿ ನೋಡಿ, “ನಿಂಬೆ ಸಿಪ್ಪೆ ಎಣ್ಣೆ ಎಷ್ಟು ಹಾಕ್ತೀಯೇ?” ಅಂದೆ. ಅಂದಾಜಿಗೆ ಅಂದೆ ನಾನು. “ಚರ್ಮಕ್ಕೆ ನಿನ್ನ ಅಂದಾಜು ಗೊತ್ತಾಗಲ್ಲ ಕಣೆ, ಅಳೆದು ಹಾಕು, ಇಲ್ಲ ಬಿಟ್ಟುಬಿಡು” ಅಂದೆ ನೀನು. ಅಷ್ಟಕ್ಕೆ ನಾನು ಎಷ್ಟೊಂದು ಮಾತಾಡಿದೆ! ನಿನಗೆ ಹೊಟ್ಟೆಕಿಚ್ಚು, ಕಂಪನಿಯವರ ಮಾತ್ರೆ ಮಾರಿ ಮಾರಿ ಗಿಡಮರದ ಮೇಲೆ ನಿನಗೆ ನಂಬಿಕೆಯೇ ಹೋಗಿದೆ, ನನ್ನದು ಅಂತ ಒಂದು ಕೆಲಸ ಆಗಿದ್ದನ್ನು ಸಹಿಸಲಾರೆ ಎಂದೆಲ್ಲ. ನಾನು ಬಡಿಸಿದ್ದ ತಟ್ಟೆಯ ಮುಂದಿನಿಂದ ನೀನು ಎದ್ದು, ಚೀಲ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟೆ. ತಡೆಯಲು ನಾನು ಬಾಗಿಲವರೆಗೂ ಬರಲಿಲ್ಲ.

ಈಗ ನಡೆದದ್ದನ್ನು ಹೇಳುತ್ತೇನೆ. ನಮ್ಮ ಬೀದಿಗೆ ಕಾಗದ ಹಂಚುವ ಹೆಂಗಸಿಗೆ ಎಲ್ಲರೂ ಪೋಸ್ಟಮ್ಮ ಎನ್ನುತ್ತಾರೆ. ನಲವತ್ತರ ಆಸುಪಾಸು. ಬಿರುಸು ನಡಿಗೆ, ಬಿರುಸು ಬಾಯಿ. ನಾನು ಅವಳನ್ನು ಪೋಸ್ಟಮ್ಮ ಎಂದರೆ ಅವಳು ನನ್ನನ್ನು ಕ್ರೀಮಮ್ಮ ಎನ್ನುತ್ತಾಳೆ. ದಿನವೂ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಬಿಸಿಲಲ್ಲೇ ಅಲೆದಾಟ. ಮುಖ ಬಿರಿಯುತ್ತದೆ ಎಂದು ನನ್ನಿಂದ ಡಬ್ಬಿ ಒಯ್ದು ಕೆನ್ನೆ, ಕುತ್ತಿಗೆ, ಕೈಗೆಲ್ಲ ಹಚ್ಚಿಕೊಳ್ಳುತ್ತಿದ್ದಳು. ಈ ಬೇಸಿಗೆಯಲ್ಲಿ ನಾಲ್ಕಾರು ಜನ ಪರಿಮಳ ಸಾಲದು ಎಂದರು. ನಾನು ನಿಂಬೆ ಸಿಪ್ಪೆಯ ಎಣ್ಣೆಯನ್ನು ಇನ್ನಷ್ಟು ಸುರಿದೆ. ಅದೂ ಅಂದಾಜಿಗೇ. ಹೊಸ ಡಬ್ಬಿ ಒಯ್ದ ಮೂರನೆಯ ದಿನ ಪೋಸ್ಟಮ್ಮ ಬಂದು ಕುತ್ತಿಗೆ ತೋರಿಸಿದಳು. ಕಾದ ಪಾತ್ರೆ ತಗುಲಿದ ಹಾಗೆ ಕೆಂಪಗಾಗಿತ್ತು. ಆಗ ನಾನು ಏನು ಹೇಳಿದೆ ಗೊತ್ತೇ ಅಕ್ಕಾ? “ಒಳಗಿನ ಕೊಳೆಯೆಲ್ಲ ಹೊರಗೆ ಬರ್ತಾ ಇದೆ, ಒಳ್ಳೇದೇ. ಇನ್ನೂ ನಾಲ್ಕು ದಿನ ಬಿಡದೆ ಹಚ್ಚಿ.” ಎಲ್ಲೋ ಯಾರೋ ಹೇಳಿದ್ದನ್ನು ಕೇಳಿದ್ದೆ, ಅದನ್ನೇ ಪಂಡಿತೆಯ ಹಾಗೆ ಒಪ್ಪಿಸಿದೆ. ಅವಳು ನಂಬಿದಳು. ನಾಲ್ಕು ದಿನ ಹಚ್ಚಿದಳು.

ಐದನೆಯ ದಿನ ಕಾಗದ ಹಂಚಲು ಬೇರೊಬ್ಬರು ಬಂದರು. ಪೋಸ್ಟಮ್ಮ ಎಲ್ಲಿ ಎಂದರೆ, ಮುಖದ ತುಂಬ ಬೊಬ್ಬೆ ಎದ್ದಿದೆ, ಬೀದಿಯ ಕೆಲಸ ಬಿಡಿಸಿ ಕಚೇರಿಯ ಹಿಂದೆ ಕಾಗದ ವಿಂಗಡಿಸಲು ಕೂರಿಸಿದ್ದಾರೆ ಎಂದರು. ನನಗೆ ಮೊದಲು ಹೊಳೆದ ಮಾತು ಯಾವುದು ಎಂದು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ: ಅವಳೇ ಮತ್ತೇನಾದರೂ ಹಚ್ಚಿಕೊಂಡಿರಬೇಕು. ಆ ಮಾತನ್ನು ಹಿಡಿದುಕೊಂಡು ಇಡೀ ದಿನ ಮನೆಯಲ್ಲೇ ಕೂತೆ. ಮರುದಿನ ಸಂಜೆ ಒಂದು ಚೀಲ ಹಣ್ಣು ಹಿಡಿದು ಅವಳ ಮನೆಗೆ ಹೋದೆ. ಕಿಟಕಿಗೆಲ್ಲ ಪರದೆ ಎಳೆದು, ಕೆನ್ನೆಯ ಮೇಲೆ ಒದ್ದೆ ಬಟ್ಟೆ ಇಟ್ಟುಕೊಂಡು ಕೂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೇ ಸುಲಭವಾಗುತ್ತಿತ್ತು. “ಉರೀತಾನೇ ಇತ್ತು ಕ್ರೀಮಮ್ಮ. ನೀವು ಹೇಳಿದ್ರಲ್ಲ ಅಂತ ಹಲ್ಲು ಕಚ್ಚಿಕೊಂಡು ಹಚ್ಚಿದೆ” ಅಂದಳು. ಆಮೇಲೆ ಒದ್ದೆ ಬಟ್ಟೆ ಮಗುಚಿಟ್ಟುಕೊಂಡು, “ಹಣ್ಣು ವಾಪಸ್ ತಗೊಂಡು ಹೋಗಿ. ನಾಳೆ ನನ್ನ ಜೊತೆ ಡಾಕ್ಟರ್ ಹತ್ರ ಬನ್ನಿ. ಏನು ಹಾಕಿದ್ದೀರಿ ಅಂತ ನಿಮ್ಮ ಬಾಯಲ್ಲೇ ಹೇಳಿ” ಅಂದಳು.

ಹೋದೆ. ಚರ್ಮದ ಡಾಕ್ಟರು ನಿನ್ನಷ್ಟೇ ವಯಸ್ಸಿನ ಹೆಂಗಸು. ಡಬ್ಬಿ ತಿರುಗಿಸಿ ನನ್ನ ಸಾಲು ಓದಿದರು, ಮುಚ್ಚಳ ತೆಗೆದು ಮೂಸಿದರು, ಥೇಟ್ ನಿನ್ನ ಹಾಗೆಯೇ. ನಿಂಬೆ ಜಾತಿಯ ಸಿಪ್ಪೆಯ ಎಣ್ಣೆ ಮೈಮೇಲಿದ್ದು ಅದಕ್ಕೆ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗಾಗುತ್ತದಂತೆ. ಬೊಬ್ಬೆ ಬೇಗ ಒಣಗಿದರೂ ಕಲೆ ತಿಂಗಳುಗಟ್ಟಲೆ ಉಳಿಯಬಹುದಂತೆ. ಗಿಡದ್ದೇ ಅಲ್ಲವೇ ಡಾಕ್ಟರ್ ಎಂದು ಇನ್ನೂ ಬಾಯಿಬಿಟ್ಟೆ ನೋಡು! ಅವರು ಕೋಪಿಸಿಕೊಳ್ಳಲಿಲ್ಲ. “ಗಿಡದ್ದು ಅಂದ ಮಾತ್ರಕ್ಕೆ ಗಿಡಕ್ಕೇನು ಇವರ ಮುಖದ ಮೇಲೆ ಮಮತೆ ಇರತ್ತಾ?” ಎಂದರು. ಪೋಸ್ಟಮ್ಮ ಆ ನೋವಲ್ಲೂ ನಕ್ಕಳು. ನಗಲು ಹೋಗಿ ಕೆನ್ನೆ ಎಳೆದು, ಅಮ್ಮಾ ಎಂದು ಮುಖ ಹಿಡಿದುಕೊಂಡಳು. ಅದನ್ನು ನೋಡಿದ ಮೇಲೆ ನಾನು ಎಲ್ಲ ಹೇಳಿದೆ. ಎಷ್ಟು ಸುರಿದೆ ಎಂದು ನನಗೇ ಗೊತ್ತಿಲ್ಲ ಎಂಬುದನ್ನೂ, ಇನ್ನೂ ನಾಲ್ಕು ದಿನ ಹಚ್ಚಿ ಎಂದವಳು ನಾನೇ ಎಂಬುದನ್ನೂ.

ಮನೆಗೆ ಬಂದು ಲೆಕ್ಕ ಹಾಕಿದರೆ ಆ ಸಲದ ಡಬ್ಬಿಗಳು ಮೂವತ್ತೆಂಟು ಮನೆಗೆ ಹೋಗಿದ್ದವು. ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು ಒಂದೊಂದೇ ಮನೆಗೆ ಹೋದೆ. ಕೊಡುವಾಗ ಎಷ್ಟು ಸಲೀಸಾಗಿ ಮಾತು ಬರುತ್ತಿತ್ತು! ವಾಪಸ್ ಕೇಳುವಾಗ ಬಾಗಿಲ ಮುಂದೆ ನಾಲಗೆಯೇ ಹೊರಳಲಿಲ್ಲ. ಒಬ್ಬರು ನನ್ನ ಮುಖ ನೋಡಿದವರೇ ಡಬ್ಬಿಯನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡರು, ಸುದ್ದಿ ನನಗಿಂತ ಮುಂಚೆಯೇ ಹೋಗಿತ್ತು. ಮೂಲೆ ಅಂಗಡಿಯ ಟೈಲರ್ ಮಾತ್ರ, “ನೀವಾಗೇ ಬಂದು ಹೇಳಿದ್ರಲ್ಲ, ಕೂತ್ಕೊಳ್ಳಿ, ನೀರು ಕುಡೀರಿ” ಎಂದು ತನ್ನ ಸ್ಟೂಲು ಬಿಟ್ಟುಕೊಟ್ಟರು. ಅಲ್ಲಿ ಕೂತು ಅತ್ತೆ ಅಕ್ಕಾ, ಗಿರಾಕಿಗಳ ಎದುರಿಗೇ. ಇನ್ನು ರಿಟೈರಾದ ಹೆಡ್‌ಮಿಸ್ಸು ಡಬ್ಬಿಯನ್ನು ಬಿಡಲೊಲ್ಲರು. “ನಾನು ಹಿಮ್ಮಡಿ ಒಡಕಿಗೆ ಹಚ್ಚೋದು. ಹಿಮ್ಮಡಿ ಬಿಸಿಲು ಕಾಯೋಕೆ ಹೋಗತ್ತೇನೇ?” ಎಂದು ವಾದಕ್ಕೆ ನಿಂತರು. ಕೊನೆಗೆ ನಾನು ಬೇರೆ ಡಬ್ಬಿ ಕೊಡುತ್ತೇನೆಂದು ಬೇಡಿಕೊಂಡ ಮೇಲೆ, ಮಗುವಿನ ಕೈಯಿಂದ ಆಟಿಕೆ ಕಿತ್ತುಕೊಂಡಂತೆ ಕಿತ್ತುಕೊಳ್ಳಬೇಕಾಯಿತು. ನಾಲ್ಕು ದಿನದಲ್ಲಿ ಮೂವತ್ತೈದು ಡಬ್ಬಿ ಬಂದವು. ಉಳಿದ ಮೂರು ಮನೆಯವರು ಊರಲ್ಲಿರಲಿಲ್ಲ, ಹಚ್ಚಬೇಡಿ ಎಂದು ದೊಡ್ಡಕ್ಷರದಲ್ಲಿ ಬರೆದು ಬಾಗಿಲ ಸಂದಿಯಲ್ಲಿ ಚೀಟಿ ತೂರಿಸಿ ಬಂದಿದ್ದೇನೆ. ದೇವರ ದಯೆ, ಬೇರೆ ಯಾರಿಗೂ ಪೋಸ್ಟಮ್ಮನಷ್ಟು ಆಗಿಲ್ಲ. ಇಬ್ಬರಿಗೆ ಕೈ ಮೇಲೆ ಕಂದು ಪಟ್ಟೆ ಬಿದ್ದಿದೆ. ಅವರನ್ನೂ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ.

ಎಲ್ಲ ನಿಲ್ಲಿಸಿಬಿಡುತ್ತೇನೆ ಎಂದು ಸ್ಟವ್ ಕೂಡ ಒರೆಸಿಟ್ಟಿದ್ದೆ. ನಿಲ್ಲಿಸಬೇಡಿ ಎಂದವಳು ಪೋಸ್ಟಮ್ಮನೇ. ಬೊಬ್ಬೆ ಒಣಗಿದ ಮೇಲೆ ಡಾಕ್ಟರು ಅವಳಿಗೆ ಪರಿಮಳವಿಲ್ಲದ್ದು ಯಾವುದಾದರೂ ಹಚ್ಚಿ ಎಂದರಂತೆ. ಇಬ್ಬರೂ ಕೂಡಿ ಅಂಗಡಿಗೆ ಹೋದೆವು. ಒಂದೊಂದೇ ಬಾಟಲಿ ತಿರುಗಿಸಿ, ಇವರ ಕನ್ನಡಕ ಹಾಕಿಕೊಂಡು ಇರುವೆಸಾಲಿನಂಥ ಅಕ್ಷರ ಓದಿದೆ. ಹನ್ನೊಂದು ಬಾಟಲಿಯ ಮೇಲೆ ಎಲೆ ಇತ್ತು ಅಕ್ಕಾ. ಅದರಲ್ಲಿ ಒಳಗೇನಿದೆ ಎಂದು ನೆಟ್ಟಗೆ ಬರೆದದ್ದು ನಾಲ್ಕು. ಪರಿಮಳ ಹಾಕದ್ದು ಒಂದೇ ಒಂದು, ಅದೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ. ಅಂಗಡಿಯವನು “ಪರೀಕ್ಷೆಗೆ ಓದ್ತಾ ಇದ್ದೀರಾ?” ಎಂದು ಕೇಳಿದ. ಆವತ್ತಿಗೆ ಅದನ್ನೇ ಕೊಂಡೆವು. ದಾರಿಯಲ್ಲಿ ಪೋಸ್ಟಮ್ಮ, “ನೀವೇ ನೆಟ್ಟಗೆ ಅಳೆದು ಮಾಡ್ರಿ, ಒಳಗೇನಿದೆ ಅಂತ ಬರೀರಿ. ನಾನು ಮಾತ್ರ ಸದ್ಯಕ್ಕೆ ಮುಟ್ಟಲ್ಲ” ಅಂದಳು. ಮುಟ್ಟಬೇಡಿ ಎಂದೆ ನಾನೂ.

ಈಗ ತಕ್ಕಡಿ ತಂದಿದ್ದೇನೆ. ಎಳ್ಳೆಣ್ಣೆ, ಜೇನುಮೇಣ, ಅಷ್ಟೇ. ಪರಿಮಳ ಇಲ್ಲ. ಎರಡರ ತೂಕ, ಮಾಡಿದ ದಿನ, ಮೊದಲು ಮೊಣಕೈ ಒಳಬದಿಗೆ ಸ್ವಲ್ಪವೇ ಹಚ್ಚಿ ಎರಡು ದಿನ ನೋಡಿ, ಉರಿ ಬಂದರೆ ತೊಳೆದು ನನಗೆ ಹೇಳಿ ಎಂಬುದು, ಎಲ್ಲವನ್ನೂ ಡಬ್ಬಿಯ ಮೇಲೆ ಬರೆಸಿದ್ದೇನೆ. ಅಷ್ಟು ಅಕ್ಷರ ಹಿಡಿಸುವಷ್ಟರಲ್ಲಿ ಇವರಿಗೆ ಸಾಕುಬೇಕಾಯಿತು, “ಇದು ಡಬ್ಬಿನೋ ಮನೆಪತ್ರನೋ?” ಎಂದು ಗೊಣಗಿದರು. ಎಲೆಗೆ ಜಾಗವೇ ಉಳಿಯಲಿಲ್ಲ. ಮೂವತ್ತೆಂಟು ಮನೆಯಲ್ಲಿ ಹದಿಮೂರು ಮನೆಯವರು ಮತ್ತೆ ಡಬ್ಬಿ ಒಯ್ದಿದ್ದಾರೆ, ಹೆಡ್‌ಮಿಸ್ಸು ಮೊದಲನೆಯವರು. ಪರಿಮಳವಿಲ್ಲ ಎಂದು ದಿನಾ ದೂರುತ್ತಾರೆ, ದಿನಾ ಹಚ್ಚುತ್ತಾರೆ. ಪೋಸ್ಟಮ್ಮನ ಕೆನ್ನೆಯ ಮೇಲೆ ಹೊಗೆ ಹಿಡಿದಂಥ ಕಲೆ ಇನ್ನೂ ಇದೆ. ಅಗಲವಾದ ಟೋಪಿ ಹಾಕಿಕೊಂಡು ಕಳೆದ ವಾರದಿಂದ ಮತ್ತೆ ಬೀದಿಗೆ ಇಳಿದಿದ್ದಾಳೆ. ಏನಾಯಿತು ಎಂದು ಯಾರಾದರೂ ಕೇಳಿದರೆ, ಕ್ರೀಮಮ್ಮನನ್ನೇ ಕೇಳಿ ಎಂದು ನನ್ನ ಕಡೆ ಕೈ ತೋರಿಸುತ್ತಾಳಂತೆ. ಅವಳು ಮಾಡುವುದು ಸರಿ. ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದೇನೆ.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ಇವರೂ ನಿಮ್ಮಿಬ್ಬರನ್ನು ಕೇಳಿದೆನೆಂದು ಬರೆಯಲು ಹೇಳಿದ್ದಾರೆ. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೋ. ಬೇರೆ ಏನು ಹಚ್ಚಬೇಕೆಂದು ಹೇಳುವ ಧೈರ್ಯ ನನಗಿಲ್ಲ.

ನಿನ್ನ ಆಶೀರ್ವಾದ ಬೇಡುವ,
ತಂಗಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಕಲೆಯನ್ನು ತೋರಿಸಲು ಡಾಕ್ಟರು ಪೋಸ್ಟಮ್ಮನಿಗೆ ನಿಮ್ಮೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟಿದ್ದಾರೆ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ನಾನೂ ಅವಳ ಜೊತೆ ಹೊರಡುತ್ತೇನೆ. ಅವಳು ತನ್ನ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಾಳೆ. ನನಗೆ ಆ ಊರಲ್ಲಿ ಇರುವುದು ನೀನೊಬ್ಬಳೇ. ಈ ಕಾಗದ ನಿನ್ನ ಕೈಗೆ ಸಿಗುವುದು ಶನಿವಾರ, ಬರಬೇಡ ಎಂದು ಬರೆಯಲು ನಿನಗೆ ಸಮಯ ಸಿಗಬಾರದೆಂದೇ ತಡವಾಗಿ ಹಾಕುತ್ತಿದ್ದೇನೆ. ಇಷ್ಟುದ್ದ ಬರೆದರೂ ತಪ್ಪಾಯಿತು ಎಂಬ ಮಾತನ್ನು ನಿನಗೆಂದು ಎಲ್ಲೂ ಬರೆದಿಲ್ಲ, ಗಮನಿಸಿರುತ್ತೀಯ. ಅದನ್ನು ಎದುರಿಗೇ ಹೇಳಬೇಕು. ಸಂಜೆ ಬರುತ್ತೇನೆ. ಬಾಗಿಲು ತೆಗೆ ಅಕ್ಕಾ.