ಟ್ರೆಡ್‌ಮಿಲ್‌ನ ವೈರು ನನ್ನ ಜೇಬಿನಲ್ಲಿದೆ

ತಂಗಿ ಇಟ್ಟೋ,

ಟ್ರೆಡ್‌ಮಿಲ್‌ನ ವೈರು ಹುಡುಕಬೇಡ, ನಾನೇ ತಗೊಂಡು ಹೊರಟಿದ್ದೀನಿ. ನೀನು ಓಡಿ ಬಿಸಿಯಾದ ಮಿಷನ್ನಿನ ಮೇಲೆ ರೊಟ್ಟಿ ಹಿಟ್ಟು ಉಬ್ಬೋಕಿಡೋದು ಅಮ್ಮನಿಗೆ ರೂಢಿಯಾಗಿಬಿಟ್ಟಿದೆ. ಇವತ್ತು ಒಲೆ ಪಕ್ಕ ಇಡೋಕೆ ಹೇಳು.

ನಿನ್ನೆ ನನಗೆ ಮೈಯೆಲ್ಲ ಉರಿದುಹೋಯ್ತು. ಭಾನುವಾರ ದೇವದಾರು ಕಾಡಿನ ದಾರಿಯಲ್ಲಿ ನಿನ್ನ ಓಟದ ಪಂದ್ಯ. ಚಳಿಗಾಲವೆಲ್ಲ ಮನೆಯೊಳಗೇ ಓಡಿದವಳು, ಹಿಮ ಕರಗಿದ ಮೇಲೆ ನಿನ್ನೆ ಮೊದಲ ಸಲ ನೀನು ಬೀದಿಗಿಳಿದೆ. ಚಹಾದಂಗಡಿ ಮುಂದೆ ಕೂತಿದ್ದ ಬಾಸ್ಸು ಚಿಕ್ಕಪ್ಪ "ಯಾರ ಮನೆ ಕೋಳಿ ಕದ್ದೆಯೇ?" ಅಂದನಂತೆ. ಅಷ್ಟಕ್ಕೇ ವಾಪಸ್ ಬಂದು ಮತ್ತೆ ಮಿಷನ್ ಹತ್ತೋದಾ?

ನಾನು ಅವನ ಹತ್ರ ಜಗಳ ಆಡೋಕೇ ಹೋದೆ. ಅವನು ಲೋಟ ಕೂಡ ಕೆಳಗಿಡದೆ ಹೇಳಿದ: "ತಲೆ ತಗ್ಗಿಸಿ ಓಡೋಳನ್ನ ಕಳ್ಳಿ ಅನ್ನದೆ ಏನನ್ನಲಿ ಮಗಾ? ಮುಂದೆ ನೋಡ್ಕೊಂಡು ಓಡಲಿ, ಎದ್ದು ನಿಂತು ಚಪ್ಪಾಳೆ ಹೊಡೀತೀನಿ."

ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ. ಮಿಷನ್ನಿನ ಅಂಕಿ ನೋಡಿ ನೋಡಿ ನಿನ್ನ ಕತ್ತು ಬಗ್ಗಿರೋದು ನಿಜ ಕಣೇ. ಅಲ್ಲಿ ನೆಲ ತಾನಾಗೇ ಹಿಂದೆ ಸರಿಯುತ್ತೆ. ಹೊರಗೆ ಏರು, ಎದುರುಗಾಳಿ ಎರಡಕ್ಕೂ ನೀನೇ ಎದೆ ಕೊಡಬೇಕು.

ನಿನ್ನ ಬೂಟು ಒಣಗಿಸಿ ಬಾಗಿಲಲ್ಲಿಟ್ಟಿದ್ದೀನಿ. ನಾಲ್ಕು ಖರ್ಜೂರ ತಿಂದು ಹೊರಡು. ಬುಗ್ಗೆಯ ತಿರುವಿನಲ್ಲಿ ನೀರು ಹಿಡಿದು ಕಾಯ್ತಿರ್ತೀನಿ. ಮಧ್ಯಾಹ್ನದ ಬಾಂಗಿನೊಳಗೆ ನೀನು ಬರದಿದ್ದರೆ, ಸಿಗರೇಟಿಗೆ ಸುಟ್ಟ ಈ ಎದೆ ಹೊತ್ತುಕೊಂಡು ಚಹಾದಂಗಡಿ ಮುಂದೆ ನಾನೇ ಓಡ್ತೀನಿ. ಆಗ ಅಝ್ರೂ ಊರಿಗೆ ಊರೇ ನಗುತ್ತೆ, ನಗಲಿ. ನಿನ್ನನ್ನ ನೋಡಿ ಮಾತ್ರ ಯಾರೂ ನಗೋದಿಲ್ಲ.

ನಿನ್ನಣ್ಣ,
ಲಹಸೆನ್