ಕಾಡಿನ ಪರದೆ

ಕೊಡಿಗೇಹಳ್ಳಿ, ೧೯೬೨

ಅಪ್ಪಾ,

ನೀನು ಹೋಗಿ ವರ್ಷವಾಯ್ತು. ಈ ಕಾಗದ ಎಲ್ಲಿಗೂ ಹೋಗಲ್ಲ ಅಂತ ಗೊತ್ತು. ಆದರೂ ನಿನ್ನೆ ನಡೆದದ್ದನ್ನ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ನಮ್ಮೂರ ನಾಟಕಕ್ಕೆ ಈ ಸಲ ಕಾಡಿನ ಪರದೆ ಬರೆದದ್ದು ನಾನು. ನೀನು ನೆಲದ ಮೇಲೆ ಬಟ್ಟೆ ಹಾಸಿ ಪರದೆ ಬರೆಯುವಾಗ, ಅದು ಸರಸ್ವತಿ, ಹೆಣ್ಣುಮಕ್ಕಳು ತುಳೀಬಾರದು ಅಂತ ನನ್ನನ್ನ ಬಣ್ಣ ಅರೆಯೋಕೆ ಕೂರಿಸ್ತಿದ್ದೆ. ನಮ್ಮನೆ ಯಜಮಾನ್ರಿಗೆ ಇದನ್ನ ಹೇಳಿದೆ. ಅವರು ಕಣದಲ್ಲಿ ಬಟ್ಟೆ ಹಾಸಿ, ನನ್ನ ಕಾಲಿಗೆ ತಾವೇ ನೀರು ಹುಯ್ದು, "ಬಟ್ಟೆ ಮ್ಯಾಲೆ ಹತ್ತು. ಓಡಾಡ್ದೆ ಕಾಡು ಎಂಗ್ ಬರೀತೀಯ?" ಅಂದರು. ಮುಗಿಯೋತನಕ ಮನೇಲಿ ಮುದ್ದೆ ತಿರುವಿದ್ದೂ ಅವರೇ. ಬರೀ ಗಂಟು, ಆದರೂ ತಿಂದೆ.

ನಿನ್ನೆ ಪರದೆ ಹಗ್ಗ ಅವರ ಕೈಯಲ್ಲೇ ಇತ್ತು. ಕಾಡಿನ ಸೀನು ಮುಗಿದರೂ ಎತ್ತಲಿಲ್ಲ. ರಾಜನ ಪಾರ್ಟಿನವನು ಕಿರೀಟ ಇಟ್ಕೊಂಡು ಬಂದು ಮರಗಳ ಮಧ್ಯೆಯೇ ದರ್ಬಾರು ನಡೆಸಿದ. ಹಾರ್ಮೋನಿಯಂ ಮೇಷ್ಟ್ರು ಗದರಿದರೆ, "ಜನ ಇನ್ನೂ ನೋಡ್ತಾವ್ರೆ, ಇರಿ ಸ್ವಾಮಿ" ಅಂದರಂತೆ.

ಜನ ನೋಡ್ತಾನೇ ಇದ್ದರು ಅಪ್ಪಾ. ಚೆನ್ನಾಗಿ ಬಂದಿದೆ, ಅದು ನನಗೇ ಗೊತ್ತು. ಕೆಳಗೆ ಗಂಗರತ್ನಮ್ಮ ಅಂತ ದಪ್ಪಕ್ಷರದಲ್ಲಿ ಹೆಸರೂ ಬರೆದಿದ್ದೀನಿ.

ಆಲದ ಮರದ ನೆರಳೊಂದು ತಪ್ಪು ಕಡೆ ಬಿದ್ದಿದೆ. ನೀನಾಗಿದ್ದರೆ ಬಂದ ತಕ್ಷಣ ಅದನ್ನೇ ಹಿಡೀತಿದ್ದೆ. ಬೆಳಿಗ್ಗೆ ಯಜಮಾನ್ರು ಬಣ್ಣ ಕಲಸಿ ತಂದು ತಿದ್ದು ಅಂದರು.

ಬೇಡ ಅಂದೆ. ಅಪ್ಪನ ಕಣ್ಣಿಗೆ ಅಂತ ಅದೊಂದು ಇರಲಿ.

ನಿನ್ನ ಗಂಗರತ್ನ